ಹನ್ನೊಂದು ತಿಂಗಳ ಗೋಡೆ

ಆ ಗೋಡೆ ಇರಲೇ ಇಲ್ಲ. ಇಟ್ಟಿಗೆ ಸಿಮೆಂಟಿನ ಗೋಡೆಯೇನೋ ಇತ್ತು. ನಡುಮನೆಯ ಸೋಫಾದ ಬೆನ್ನಿಗೆ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರ, ತಲೆಯಾನಿಸಿ ಕೂತವರ ಎಣ್ಣೆಗಲೆ ಹೊತ್ತುಕೊಂಡು ತನ್ನ ಪಾಡಿಗೆ ತಾನು ನಿಂತಿತ್ತು. ಆದರೆ ಹನ್ನೊಂದು ತಿಂಗಳಿಂದ ಶೇಡ್ ಮೇಷ್ಟ್ರು ಬಣ್ಣದಂಗಡಿಯ ಕೌಂಟರಿನ ಹಿಂದೆ ನಿಂತು ಸಾವಿರಾರು ಗಿರಾಕಿಗಳಿಗೆ ವರ್ಣಿಸಿದ ಗೋಡೆ, ಹಳೇ ತಾಮ್ರದ ಮೇಲೆ ಸಂಜೆ ಬಿಸಿಲು ಬಿದ್ದ ಹಾಗೆ ಹೊಳೆಯುವ, ನೋಡಲು ಬಂದವರು ಏಳಲಾರದೆ ಎರಡೆರಡು ಹೊತ್ತಿನ ಊಟ ಅಲ್ಲೇ ಮುಗಿಸಿಕೊಂಡು ಹೋಗುವ, ಅಳುವ ಕೂಸು ಅಳು ಮರೆತು ಬಾಯಿ ತೆರೆದು ನೋಡುತ್ತ ಹಾಗೆಯೇ ನಿದ್ದೆ ಹೋಗುವ ಆ ಗೋಡೆ, ಇವತ್ತು ಮಧ್ಯಾಹ್ನ ಒಂದು ಗಂಟೆಯಾದರೂ ಇನ್ನೂ ಹುಟ್ಟಿರಲಿಲ್ಲ. ನಾಲ್ಕಕ್ಕೆ ಅದು ಇರಬೇಕಿತ್ತು. ನಾಲ್ಕಕ್ಕೆ ಅಂಗಡಿಯ ಯಜಮಾನರು ತಮ್ಮ ಕಾರಿನಲ್ಲಿ ಶಾಲೆಯ ಹೆಡ್ ಮೇಡಂ ಅವರನ್ನು ಕೂರಿಸಿಕೊಂಡು, ಆ ಗೋಡೆಯನ್ನು ಕಣ್ಣಾರೆ ತೋರಿಸಲು ಬರುವವರಿದ್ದರು.

ಮೇಷ್ಟ್ರು ಪಾಠ ಹೇಳುವ ಮೇಷ್ಟ್ರಲ್ಲ. ಬಣ್ಣ ಕಲೆಸುವ ಯಂತ್ರದ ಮುಂದೆ ಹದಿನೆಂಟು ವರ್ಷ ನಿಂತು, ಎರಡು ಸಾವಿರ ಶೇಡ್‌ಗಳ ನಂಬರುಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿ, ಗಿರಾಕಿಯ ಅಂಗಿಯ ಗುಂಡಿ ನೋಡಿ ಅವನ ಮನೆಯ ಕಿಟಕಿಗೆ ಯಾವ ಬಣ್ಣ ಒಪ್ಪುತ್ತದೆಂದು ಹೇಳಬಲ್ಲವರಾಗಿ ಆ ಹೆಸರು ಗಳಿಸಿದವರು. ಬಣ್ಣ ಕಲೆಸಿದ ಮೇಲೆ ಡಬ್ಬ ತೆರೆದು, ಹೆಬ್ಬೆರಳಿಗೆ ಬಟ್ಟೆ ಸುತ್ತಿ ಬಣ್ಣದಲ್ಲಿ ಅದ್ದಿ, ಮುಚ್ಚಳದ ಮೇಲೆ ಗುಂಡಗೆ ತಟ್ಟಿ, ಬಿಸಿಗಾಳಿಯಲ್ಲಿ ಒಣಗಿಸಿ, ‘ನೋಡಿ ಸಾರ್, ಇದೇ ನಿಮ್ಮ ಬಣ್ಣ’ ಎಂದು ಎತ್ತಿ ಹಿಡಿಯುವುದು ಅವರ ಕೆಲಸ. ಅದರ ಜೊತೆಗೆ ಸಲಹೆ. ಗೋಡೆಯನ್ನು ಮೊದಲು ಸೋಪಿನ ನೀರಲ್ಲಿ ತೊಳೀರಿ, ಎಣ್ಣೆಗಲೆಯ ಮೇಲೆ ಬಣ್ಣ ನಿಲ್ಲಲ್ಲ. ಡಬ್ಬವನ್ನು ತಳದಿಂದ ಕಲಕಿ. ಅಂಚಿಗೆ ಅಂಟಿಸಿದ ಟೇಪನ್ನು ಬಣ್ಣ ಪೂರ್ತಿ ಒಣಗೋ ಮೊದಲೇ ಬಿಡಿಸಿ, ಇಲ್ಲಾಂದ್ರೆ ಅಂಚು ಕಿತ್ತುಬರುತ್ತೆ. ಹದಿನೆಂಟು ವರ್ಷದಲ್ಲಿ ಅವರು ಕೊಟ್ಟ ಸಲಹೆಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ ಅದರ ಮೇಲೆ ಹತ್ತಿ ಚಂದ್ರನಿಗೇ ಎರಡು ಕೋಟು ಹೊಡೆಯಬಹುದಿತ್ತು. ಆದರೆ ಈ ಹದಿನೆಂಟು ವರ್ಷದಲ್ಲಿ ಅವರು ಒಂದೇ ಒಂದು ಗೋಡೆಗೂ ಬ್ರಶ್ ಮುಟ್ಟಿಸಿರಲಿಲ್ಲ. ಇದು ಅವರಿಗೆ ಮಾತ್ರ ಗೊತ್ತಿದ್ದ ಗುಟ್ಟು ಎಂದು ಅವರು ತಿಳಿದಿದ್ದರು. ಹನ್ನೊಂದು ತಿಂಗಳ ಹಿಂದೆ ಒಬ್ಬ ಪೇಂಟಿಂಗ್ ಮೇಸ್ತ್ರಿ ಚಿಲ್ಲರೆ ತೆಗೆದುಕೊಳ್ಳುವ ನೆಪದಲ್ಲಿ ಅವರ ಕೈ ಹಿಡಿದು, ಅಂಗೈ ಮೇಲೆ ಮಾಡಿ, ತನ್ನ ಜೊತೆಯವರಿಗೆಲ್ಲ ತೋರಿಸಿ, ‘ನೋಡ್ರಪ್ಪಾ, ಏನು ಮೆತ್ತಗಿದೆ, ಇನ್ನೂ ತೊಟ್ಟಿಲಿನಿಂದ ಇಳಿದಿಲ್ಲ ಈ ಕೈ’ ಎಂದಿದ್ದ. ಎಲ್ಲರೂ ನಕ್ಕರು, ಮೇಷ್ಟ್ರೂ ನಕ್ಕರು; ನಗದಿದ್ದರೆ ಅದು ನಿಜವಾಗಿಬಿಡುತ್ತಿತ್ತು. ಅವನ ಬೆನ್ನಿಗೇ ಬಂದ ಗಿರಾಕಿ ಗೋಡೆಯ ವಿನ್ಯಾಸಗಳ ಪುಸ್ತಕ ತಿರುವುತ್ತ, ಪಾಪ, ಯಾವ ದುರುದ್ದೇಶವೂ ಇಲ್ಲದೆ, ‘ನಿಮ್ಮ ಮನೇಲಿ ಇಂಥದ್ದು ಮಾಡಿಸಿದ್ದೀರಾ?’ ಎಂದು ಕೇಳಿದ. ಇನ್ನೂ ಬಿಸಿಯಾಗಿದ್ದ ಅಂಗೈಯನ್ನು ಕೌಂಟರಿನ ಕೆಳಗೆ ಮುಚ್ಚಿಕೊಂಡು ಮೇಷ್ಟ್ರು ಹೇಳಿದ್ದರು: ‘ಮಾಡಿಸೋದೇನು ಸಾರ್, ನಾನೇ ಮಾಡಿದೀನಿ.’

“ರೀ, ಶುರು ಮಾಡೋಣ್ವಾ? ಇಲ್ಲಾ ಗೋಡೆಗೆ ಮೊದಲು ಒಂದು ಭಾಷಣ ಇದೆಯಾ?”

ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ನಾಲ್ಕಂಗುಲದ ಬ್ರಶ್ ಹಿಡಿದು ಸ್ಟೂಲಿನ ಪಕ್ಕ ನಿಂತಿದ್ದಳು. ಅವಳು ಮನೆಯಲ್ಲೇ ಪರದೆಗಳನ್ನು ಹೊಲಿದುಕೊಡುವವಳು. ಊರಿನ ಅರ್ಧ ಕಿಟಕಿಗಳ ಅಳತೆ ಅವಳ ತಲೆಯಲ್ಲಿತ್ತು. ಗಂಡನ ಅಳತೆಯೂ ಇತ್ತು. ಮೊನ್ನೆ ಸಂಜೆ ಅಂಗಡಿಯಿಂದ ಬಂದ ಮೇಷ್ಟ್ರು ಕಾಫಿ ಕುಡಿದ ಲೋಟವನ್ನು ತಾವೇ ತೊಳೆದಿಟ್ಟಾಗ ಅವಳು ಹೊಲಿಗೆ ನಿಲ್ಲಿಸಿ, ‘ಏನು ಮಾಡಿಕೊಂಡು ಬಂದಿದ್ದೀರಿ, ಹೇಳಿ’ ಎಂದಿದ್ದಳು. ಹೇಳಿದರು. ತಾಮ್ರ, ಸಂಜೆ ಬಿಸಿಲು, ಕೂಸು, ಹೆಡ್ ಮೇಡಂ, ಎಲ್ಲ. ಬೈಯುತ್ತಾಳೆ ಎಂದು ತಲೆ ಬಗ್ಗಿಸಿ ನಿಂತಿದ್ದವರಿಗೆ ಏನೂ ಕೇಳಿಸದೆ ತಲೆ ಎತ್ತಿದರೆ ಅವಳು ಪರದೆ ಬಟ್ಟೆಯ ರಾಶಿಯ ಮೇಲೆ ಬಿದ್ದು, ಸದ್ದೇ ಬಾರದಷ್ಟು ಜೋರಾಗಿ ನಗುತ್ತಿದ್ದಳು. ಆ ನಗು ರಾತ್ರಿ ಊಟದ ತನಕ ಆಗಾಗ ಮರುಕಳಿಸಿತು. ಬೈದಿದ್ದರೆ ಮೇಷ್ಟ್ರು ಎದುರುಮಾತಾಡಬಹುದಿತ್ತು. ನಗುವಿಗೆ ಏನು ಹೇಳುವುದು? ನಿನ್ನೆ ಬೆಳಿಗ್ಗೆ ನೋಡಿದರೆ ಅವಳೇ ಸೋಪಿನ ನೀರಲ್ಲಿ ಗೋಡೆ ತೊಳೆದು ಮುಗಿಸಿದ್ದಳು. ಸಂಜೆ ಇಬ್ಬರೂ ಸೇರಿ ಕೆನೆಬಣ್ಣದ ಮೊದಲ ಕೋಟು ಉರುಳಿಸಿದ್ದರು, ಇವತ್ತು ಅಂಗಡಿಗೆ ರಜೆಯಾದ್ದರಿಂದ ಬೆಳಿಗ್ಗೆಯೇ ಎರಡನೆಯದು. ರೋಲರ್ ಎಂಥ ಅಡ್ಡಕಸಬಿಯನ್ನೂ ಕುಶಲಕರ್ಮಿಯಂತೆ ಕಾಣಿಸಬಲ್ಲ ದಯಾಳು ಸಾಧನ. ಅಲ್ಲಿಯವರೆಗೆ ಎಲ್ಲವೂ ಸುಗಮವಾಗಿತ್ತು. ಈಗ ಉಳಿದದ್ದು ಮೇಲಿನ ತಾಮ್ರ: ನೀರಿನ ಹಾಗೆ ತೆಳ್ಳಗಿನ ಬಣ್ಣವನ್ನು ಕೆನೆಬಣ್ಣದ ಮೇಲೆ ಬಳಿದು, ಅದು ಒಣಗುವ ಮೊದಲೇ ಮುದುರಿದ ಬಟ್ಟೆಯಿಂದ ಒತ್ತೊತ್ತಿ ಎತ್ತುವುದು, ಎತ್ತಿದಲ್ಲಿ ಮೋಡ, ಬಿಟ್ಟಲ್ಲಿ ನೆರಳು.

“ನೀನು ಬಳಿ, ನಾನು ಒತ್ತುತ್ತೀನಿ,” ಎಂದರು ಮೇಷ್ಟ್ರು. “ಒಂದೂವರೆ ಅಡಿ ಅಗಲದ ಪಟ್ಟಿ, ಮೇಲಿಂದ ಕೆಳಗೆ. ಒಂದು ಪಟ್ಟಿಯ ಅಂಚು ಹಸಿಯಾಗಿರೋವಾಗಲೇ ಮುಂದಿನದು ಬಂದು ಸೇರಬೇಕು. ಒಣಗಿದರೆ ಗೆರೆ ಬೀಳುತ್ತೆ. ಆ ಮೂಲೆ ಮುಟ್ಟೋ ತನಕ ನಿಲ್ಲಿಸೋ ಹಾಗಿಲ್ಲ, ಭೂಕಂಪ ಆದರೂ ಸರಿ.”

“ಇದನ್ನ ನಿಮಗೆ ಯಾರು ಹೇಳಿದ್ದು?”

“ಯಾರು ಹೇಳೋದು? ನಾನೇ ದಿನಾ ಎಲ್ಲರಿಗೂ ಹೇಳ್ತೀನಲ್ಲ.”

“ಅಂದ್ರೆ ಯಾರೂ ಹೇಳಿಲ್ಲ ಅನ್ನಿ.”

“ಲೋ,” ಎಂದರು ಅಮ್ಮ. ಗೋಡೆಯಿಂದ ಎಳೆದ ಸೋಫಾ ಈಗ ನಡುಮನೆಯ ನಟ್ಟನಡುವೆ ಹಳೇ ಪೇಪರುಗಳ ಸಮುದ್ರದಲ್ಲಿ ತೇಲುತ್ತಿತ್ತು. ಎಂಬತ್ತರ ಹತ್ತಿರದ ಅಮ್ಮ ಅದರ ಮೇಲೆ ಕಾಲು ಮಡಚಿ, ದಡ ಕಾಣದ ಹಡಗಿನ ಕಪ್ತಾನನ ಹಾಗೆ ಕೂತಿದ್ದರು. “ನನ್ನನ್ನ ಇಲ್ಲಿಂದ ಇಳಿಸೋದು ಯಾವಾಗ? ಬಾತ್‌ರೂಮಿಗೆ ಹೋಗಬೇಕು ಅಂದ್ರೆ ದೋಣಿ ತರ್ತೀಯಾ?”

ಶುರುವಾಯಿತು. ಹೆಂಡತಿಯ ಬ್ರಶ್ ಮೇಲಿನ ಮೂಲೆಯಿಂದ ಇಳಿದು ಬಂತು, ಅದರ ಹಿಂದೆ ಮೇಷ್ಟ್ರ ಬಟ್ಟೆ. ಮೊದಲ ಒತ್ತಿಗೆ ತಾಮ್ರ ಸರಿದು ಕೆಳಗಿನ ಕೆನೆ ಇಣುಕಿದಾಗ ಮೇಷ್ಟ್ರು ಹಿಗ್ಗಿದರು: ಆಹಾ, ಆಗುತ್ತದೆ! ತಾನು ಹೇಳಿದ್ದು ಸುಳ್ಳಲ್ಲ, ಹನ್ನೊಂದು ತಿಂಗಳು ಮೊದಲು ಹೇಳಿದೆ ಅಷ್ಟೆ. ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ಅವರು ಒತ್ತಿದರು, ಒತ್ತಿದರು. ಕೈಗೆ ಏನು ಮಾಡಬೇಕೆಂದು ಯಾರೂ ಹೇಳಬೇಕಾಗಿರಲಿಲ್ಲ. ಹುಟ್ಟುವಾಗಲೇ ಕಲಿತು ಬಂದ ಹಾಗೆ ಅದು ತನ್ನಷ್ಟಕ್ಕೆ ಹೋಗಿ ಒತ್ತಿ ತಿರುಗಿ ಎತ್ತುತ್ತಿತ್ತು. ಆ ಮೇಸ್ತ್ರಿ ಈಗ ಬರಬೇಕಿತ್ತು. ತೊಟ್ಟಿಲಂತೆ! ಆದರೆ ಅದರ ಜೊತೆಜೊತೆಗೇ ಇನ್ನೊಂದು ಯೋಚನೆ, ಅಂಚು ಒಣಗುವ ಭಯದ ಪಕ್ಕದಲ್ಲೇ ಕೂತುಕೊಂಡು, ಬಿಡದೆ ಬೆರಳೆಣಿಸುತ್ತಿತ್ತು. ತನ್ನ ಮಾತು ನಂಬಿ ಗಂಡಹೆಂಡತಿ ಇಬ್ಬರೇ ರಜೆ ಹಾಕಿ ಮಲಗುವ ಕೋಣೆಗೆ ಬಣ್ಣ ಬಳಿದುಕೊಂಡವರಿದ್ದರು. ಆ ಹೆಂಗಸು ಆಮೇಲೆ ಅಂಗಡಿಗೆ ಬಂದು, ‘ಗೆರೆ ಬಿತ್ತು ಮೇಷ್ಟ್ರೇ, ಒಂದು ಕಡೆ ತುಂಬ ಗೆರೆ ಬಿತ್ತು’ ಎಂದಾಗ ತಾನು ತಲೆಯಾಡಿಸಿ, ‘ನಿಲ್ಲಿಸಿರ್ತೀರಿ, ನಡುವೆ ಎಲ್ಲೋ ನಿಲ್ಲಿಸಿರ್ತೀರಿ’ ಎಂದು, ಡಾಕ್ಟರು ಪಥ್ಯ ಮುರಿದವರನ್ನು ನೋಡುವ ಹಾಗೆ ನೋಡಿದ್ದೆ. ‘ಮಗು ಎದ್ದುಬಿಡ್ತು, ಅದಕ್ಕೆ’ ಎಂದು ಅವಳು ತಪ್ಪೊಪ್ಪಿಕೊಂಡಳು. ಎಷ್ಟು ಸಣ್ಣ ಧ್ವನಿಯಲ್ಲಿ! ನನ್ನ ಮನೆಯ ಗೋಡೆಯಲ್ಲಿ ಒಂದೇ ಒಂದು ಗೆರೆ ಇಲ್ಲ ನೋಡಿ ಎಂದು ಬೇರೆ ಹೇಳಿ ಕಳಿಸಿದ್ದೆ. ನಿಜವೇ, ಇಲ್ಲದ ಗೋಡೆಯಲ್ಲಿ ಗೆರೆ ಎಲ್ಲಿಂದ ಬರಬೇಕು.

ಇದ್ದಕ್ಕಿದ್ದಂತೆ ಬಣ್ಣ ಬಟ್ಟೆಗೆ ಅಂಟತೊಡಗಿತು. ಎತ್ತಿದರೆ ಬರದು, ಒತ್ತಿದರೆ ಜಾರದು. ಕಿವಿಯ ಹಿಂದೆ ತಣ್ಣಗೆ ಏನೋ ಸುಳಿದಂತಾಗಿ ತಿರುಗಿ ನೋಡಿದರೆ ತಲೆಯ ಮೇಲೆ ಫ್ಯಾನು ಬಿರುಗಾಳಿ ಎಬ್ಬಿಸುತ್ತಿತ್ತು. ಅಮ್ಮ ಸೋಫಾದ ತೋಳಿನಾಚೆ ಬಗ್ಗಿ, ಊರುಗೋಲಿನ ತುದಿಯಿಂದ ಸ್ವಿಚ್ ಒತ್ತಿ, ತೃಪ್ತಿಯಿಂದ ಹಿಂದಕ್ಕೆ ಒರಗಿದ್ದರು.

“ಅಮ್ಮಾ! ಫ್ಯಾನ್ ಆರ್ಸು! ಒಣಗಿಹೋಗುತ್ತೆ!”

“ಸೆಕೆ ಕಣೋ. ಒಣಗಲಿ ಬಿಡು, ಬಣ್ಣ ಬಳಿಯೋದೇ ಒಣಗಲಿ ಅಂತ ಅಲ್ವಾ?”

“ಒಣಗಬಾರದು!”

“ಹದಿನೆಂಟು ವರ್ಷ ಅಂಗಡೀಲಿದ್ದು ಇದನ್ನಾ ಕಲಿತದ್ದು?” ಎಂದು ಅಮ್ಮ ಸೊಸೆಯ ಕಡೆ ನೋಡಿದರು. ಸೊಸೆ ಆಗಲೇ ಸ್ಟೂಲಿನಿಂದ ಇಳಿದು ಸ್ವಿಚ್ ಆರಿಸಿ, ಹಿಂದಿರುಗುವ ದಾರಿಯಲ್ಲೇ ಅತ್ತೆಯ ಕೈಗೊಂದು ಹಳೇ ಪೇಪರು ಮಡಚಿ ಕೊಟ್ಟು, “ಬೀಸಿಕೊಳ್ತಿರಿ ಅತ್ತೆ, ನಿಮಗೂ ಕೆಲಸ ಆಗುತ್ತೆ,” ಎಂದು ಮತ್ತೆ ಬ್ರಶ್ ಎತ್ತಿದ್ದಳು. ಒಂದು ಉಸಿರು ಕೂಡ ದಂಡವಾಗಿರಲಿಲ್ಲ. ಮೇಷ್ಟ್ರು ಮಾತ್ರ ಗೋಡೆಯ ಮೇಲೆ ಫ್ಯಾನು ಬರೆದುಹೋದ ಒಂದು ಮಬ್ಬು ಗೆರೆಯನ್ನು ನೋಡುತ್ತಿದ್ದರು. ಮಗು ಎದ್ದುಬಿಟ್ಟ ಮನೆಯ ಗೆರೆ. ಆ ಹೆಂಗಸಿನ ಹೆಸರಾದರೂ ಕೇಳಿಕೊಳ್ಳಬೇಕಿತ್ತು.

“ಬನ್ನಿ ರೀ, ನಾನು ಮುಂದೆ ಹೋಗಿಬಿಟ್ಟೆ.”

“ಸ್ವಲ್ಪ ನಿಧಾನ ಕಣೆ.”

“ನಿಧಾನ ಮಾಡಿದ್ರೆ ಅಂಚು ಒಣಗಲ್ವಾ? ಭೂಕಂಪ ಅಂದ್ರಲ್ಲ.”

“ಅವಳು ಮುಂದೆ, ನೀನು ಹಿಂದೆ,” ಎಂದು ಅಮ್ಮ ಪೇಪರು ಬೀಸಿಕೊಳ್ಳುತ್ತ ಹಾಡಿನ ಧಾಟಿಯಲ್ಲಿ ಹೇಳಿದರು. “ಮದುವೆಯ ದಿನದಿಂದ ನೋಡ್ತಿದ್ದೀನಿ. ನಡೀಲಿ, ಸಂಸಾರ ಚೆನ್ನಾಗಿದೆ.” ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅಮ್ಮನ ಮೌನ ಈ ಮನೆಯಲ್ಲಿ ಗ್ರಹಣಕ್ಕಿಂತ ಅಪರೂಪ. ಮೇಷ್ಟ್ರಿಗೆ ಬೆನ್ನಲ್ಲಿ ಅದು ಚುಚ್ಚಿತು. ಗೋಡೆಯ ಮುಕ್ಕಾಲು ಪಾಲು ಮುಗಿದಿತ್ತು. “ಚೆನ್ನಾಗಿದೆ ಕಣೋ,” ಎಂದು ಕೊನೆಗೆ ಹೇಳಿದರು. “ತುಂಬಾ ಚೆನ್ನಾಗಿದೆ. ಆದ್ರೆ ಒಂದೇ ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಇಷ್ಟೊಂದು ತಟ್ಟೆ ಯಾಕೆ ಬರೆದಿದ್ದೀಯಾ?”

ಮೇಷ್ಟ್ರು, ಹೆಂಡತಿ, ಇಬ್ಬರೂ ಒಟ್ಟಿಗೆ ನಾಲ್ಕು ಹೆಜ್ಜೆ ಹಿಂದೆ ಬಂದರು. ಪೇಪರುಗಳು ಕಾಲ ಕೆಳಗೆ ಸರಸರ ಎಂದವು. ಗೋಡೆಯ ತುಂಬ, ಮೇಲಿಂದ ಕೆಳಗೆ, ಸಾಲುಸಾಲಾಗಿ, ಒಂದರ ಪಕ್ಕ ಒಂದು, ಎಲ್ಲ ಒಂದೇ ಅಳತೆಯ, ಕಂಪಾಸು ಹಿಡಿದು ಎಳೆದಷ್ಟು ದುಂಡಗಿನ ಗುಂಡುಗಳು. ಮೋಡ ಇಲ್ಲ, ನೆರಳಿಲ್ಲ, ಮುಚ್ಚಳಗಳು. ಒಂದು ಲೀಟರಿನ ಡಬ್ಬದ ಮುಚ್ಚಳಗಳು, ನಾನೂರಕ್ಕೆ ಕಡಿಮೆಯಿಲ್ಲ, ನಾಲ್ಕು ಸಾವಿರವಿದ್ದರೂ ಇರಬಹುದು. ತನ್ನಷ್ಟಕ್ಕೆ ತಾನೇ ಕಲಿತು ಬಂದಿದೆ ಎಂದು ಉಬ್ಬಿದ್ದ ಕೈ ತನಗೆ ಗೊತ್ತಿದ್ದ ಒಂದೇ ಕೆಲಸವನ್ನು ಮಾಡಿತ್ತು. ಹದಿನೆಂಟು ವರ್ಷ, ದಿನಕ್ಕೆ ನಲವತ್ತು ಸಲ, ಡಬ್ಬದ ಮುಚ್ಚಳದ ಮೇಲೆ ಒತ್ತಿ ತಿರುಗಿ ಎತ್ತಿದ ಕೈ. ಗೋಡೆ ಎಷ್ಟು ದೊಡ್ಡದಾದರೇನು, ಅದಕ್ಕೆ ಜಗತ್ತು ಐದಂಗುಲ ಅಗಲದ್ದು. ಮೇಷ್ಟ್ರಿಗೆ ಅಳು ಬರುವ ಹಾಗಾಯಿತು, ಅದರ ಬದಲು ಗಂಟಲಿನಿಂದ ಬಾತುಕೋಳಿಯ ಹಾಗೊಂದು ಶಬ್ದ ಹೊರಟಿತು. ಹೆಂಡತಿ ಬ್ರಶ್ಶಿನ ಹಿಡಿಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಅವಳ ಭುಜಗಳು ಅಲ್ಲಾಡುತ್ತಿದ್ದವು.

“ನಗಬೇಡ ಕಣೆ.”

“ನಗ್ತಿಲ್ಲ ರೀ.”

“ನಗ್ತಿದ್ದೀಯ.”

“ಅಂಗಡೀನೇ ಎತ್ತಿಕೊಂಡು ಬಂದಿದ್ದೀರಲ್ಲ ರೀ ಮನೆಗೆ!” ಎಂದವಳೇ ಇನ್ನು ತಡೆಯಲಾರದೆ ಸೋಫಾದ ತೋಳಿನ ಮೇಲೆ ಕುಸಿದಳು. ಅಮ್ಮನೂ ಸೇರಿಕೊಂಡರು, ಏನೆಂದು ಪೂರ್ತಿ ಅರ್ಥವಾಗದಿದ್ದರೂ. ಆ ಹಡಗು ನಗುವಿನಿಂದ ಮುಳುಗುವ ಸ್ಥಿತಿಗೆ ಬಂತು. ಆದರೆ ಅವಳೇ ಮೊದಲು ಕಣ್ಣೊರೆಸಿಕೊಂಡು, “ಅಂಚು ರೀ, ಅಂಚು!” ಎಂದು ಎದ್ದಳು.

ಏನು ಮಾಡುವುದು? ಮೇಷ್ಟ್ರ ಸಲಹೆಗಳಲ್ಲಿ ಇದಕ್ಕೂ ಒಂದಿತ್ತು, ಅವರು ಅದನ್ನು ತಮಾಷೆಗೆಂದು ಹೇಳುತ್ತಿದ್ದುದು: ತಪ್ಪಾದರೆ ಹೆದರಬೇಡಿ, ಕೊನೆಯ ತನಕ ಅದೇ ತಪ್ಪು ಮಾಡಿ, ಅದನ್ನೇ ಡಿಸೈನು ಅಂತಾರೆ. ಸರಿ, ಮುಚ್ಚಳವೇ ಆಗಲಿ. ಬಟ್ಟೆ ಎತ್ತಿಕೊಂಡರು, ಬೇಕೆಂದೇ ಒಂದು ಗುಂಡು ಒತ್ತಿದರು, ಅದು ಮೊಟ್ಟೆಯಾಯಿತು. ಇನ್ನೊಂದು ಒತ್ತಿದರು; ಅದು ಮುರಿದ ಚಪ್ಪಲಿಯಂತಾಯಿತು. ನಾಲ್ಕು ಸಾವಿರ ಗುಂಡುಗಳನ್ನು ಕಣ್ಣುಮುಚ್ಚಿ ಮಾಡಿದ ಕೈಗೆ, ಈಗ ಕಣ್ಣು ಬಿಟ್ಟು ಕೇಳಿದರೆ ಒಂದೂ ಬರದು. ಬೆರಳುಗಳು ಎಲ್ಲರೆದುರು ಹಾಡು ಎಂದಾಗ ಸೆಟೆದುಕೊಳ್ಳುವ ಮಕ್ಕಳ ಹಾಗೆ ಸೆಟೆದುಕೊಂಡವು. ತನ್ನ ಕೈಯನ್ನು ತಾನೇ ಮೊದಲ ಸಲ ನೋಡುತ್ತಿದ್ದೇನೆ ಎನ್ನಿಸಿತು ಅವರಿಗೆ: ಮೊಣಕೈವರೆಗೆ ತಾಮ್ರ, ಉಗುರುಸಂದಿಯಲ್ಲಿ ಕೆನೆ, ಹೆಬ್ಬೆರಳಿನ ಬುಡದಲ್ಲಿ ಬಟ್ಟೆ ಉಜ್ಜಿ ಉಜ್ಜಿ ಎದ್ದ ಒಂದು ಬೊಬ್ಬೆ. ಎಷ್ಟು ಉರಿಯುತ್ತಿತ್ತೆಂದರೆ ಅದನ್ನು ಯಾರಿಗಾದರೂ ತೋರಿಸಬೇಕೆನ್ನಿಸಿತು.

“ಕೊಡಿ ಇಲ್ಲಿ,” ಎಂದಳು ಹೆಂಡತಿ.

“ನಡುವೆ ಕೈ ಬದಲಾಯಿಸಬಾರದು. ಗೊತ್ತಾಗಿಬಿಡುತ್ತೆ.”

“ಗೊತ್ತಾಗಲಿ. ಗಂಟೆ ಎರಡಾಯ್ತು.”

ಬ್ರಶ್ ಅವರ ಕೈಗೆ ಬಂತು, ಬಟ್ಟೆ ಅವಳ ಕೈಗೆ ಹೋಯಿತು. ಅವಳು ಒತ್ತಲಿಲ್ಲ, ಪರದೆಯ ನೆರಿಗೆಗೆ ಬಟ್ಟೆ ಹಿಡಿಯುವ ಹಾಗೆ ಮೇಲಿಂದ ಎಳೆದು, ನಡುವೆ ಕೊಂಚ ತಡೆದು, ಬಿಟ್ಟಳು. ಹಾಗೆ ಮುಚ್ಚಳಗಳು ಮುಗಿದಲ್ಲಿಂದ, ನಡುವೆ ಒಂದಿಷ್ಟು ಮೊಟ್ಟೆ ಚಪ್ಪಲಿಗಳನ್ನು ದಾಟಿ, ಗೋಡೆ ನಿಧಾನವಾಗಿ ನೆರಿಗೆಗಳಾಗುತ್ತ ಕಿಟಕಿಯ ಕಡೆಗೆ ಇಳಿದು ಹೋಯಿತು. ಬಲಮೂಲೆ ಮುಟ್ಟಿದಾಗ ಎರಡು ಗಂಟೆ ನಲವತ್ತು ನಿಮಿಷ. ಇಬ್ಬರೂ ಬೆವತು, ಬಣ್ಣದಲ್ಲಿ ಮಿಂದು, ಒಬ್ಬರಿಗೊಬ್ಬರು ತಾಗಿಕೊಂಡು ನಿಂತು ನೋಡಿದರು. ಅದು ತಾಮ್ರದ ಮೇಲಿನ ಸಂಜೆಯಾಗಿರಲಿಲ್ಲ. ಏನಾಗಿತ್ತೆಂದು ಹೇಳಲು ಮೇಷ್ಟ್ರ ಎರಡು ಸಾವಿರ ನಂಬರುಗಳಲ್ಲಿ ಒಂದೂ ಇರಲಿಲ್ಲ. ಆದರೆ ಇತ್ತು. ಬೆರಳು ತೋರಿಸಬಹುದಾದಷ್ಟು, ಬಡಿದರೆ ಸದ್ದು ಬರುವಷ್ಟು ಇತ್ತು. ಇನ್ನೂ ಒಂದೂಕಾಲು ಗಂಟೆ ಸಮಯವಿದೆ, ಒಣಗುತ್ತದೆ, ಫ್ಯಾನ್ ಹಾಕಬಹುದು ಈಗ, ಪೇಪರು ಎತ್ತಿ ಸೋಫಾ ತಳ್ಳಿ ಸ್ನಾನ ಮಾಡಿ ಇಸ್ತ್ರಿ ಅಂಗಿ ತೊಟ್ಟು, ಮುಚ್ಚಳವೇ? ಅದೊಂದು ಹಳೇ ಶೈಲಿ ಮೇಡಂ, ಅಪರೂಪದ್ದು, ಎನ್ನಬಹುದು, ಎಂದು ಅವರ ಬಾಯಿ ಒಳಗಿಂದೊಳಗೇ ತಾಲೀಮು ಶುರುಮಾಡುವುದಕ್ಕೂ ಬಾಗಿಲ ಬೆಲ್ ಆಗುವುದಕ್ಕೂ ಸರಿಹೋಯಿತು.

ಹೆಡ್ ಮೇಡಂಗೆ ಹೇಳಿದ ಹೊತ್ತಿಗಿಂತ ಮುಂಚೆ ಹೋಗುವ ಅಭ್ಯಾಸ. ಮೂವತ್ತು ವರ್ಷ ಹಾಗೆ ತರಗತಿಗಳಿಗೆ ನುಗ್ಗಿ ನುಗ್ಗಿ ಅವರಿಗೆ ಜಗತ್ತಿನ ನಿಜಗಳೆಲ್ಲ ಹೊತ್ತಿಗಿಂತ ಮುಂಚೆಯೇ ಸಿಕ್ಕಿದ್ದವು. ಬಿಳಿಗೂದಲು, ದಪ್ಪ ಕನ್ನಡಕ, ಕಂಕುಳಲ್ಲಿ ನೋಟುಬುಕ್ಕು. ಅವರ ಹಿಂದೆ ಯಜಮಾನರು, ಮಗನ ಬಹುಮಾನ ನೋಡಲು ಬಂದ ತಂದೆಯ ಹಾಗೆ ಬೀಗುತ್ತ, “ಬನ್ನಿ ಮೇಡಂ, ಬನ್ನಿ, ನೀವೇ ನೋಡಿ!” ಎನ್ನುತ್ತ ಒಳಗೆ ಬಂದವರು, ಸಮುದ್ರವನ್ನೂ ಹಡಗನ್ನೂ ಕಪ್ತಾನರನ್ನೂ ನೋಡಿ ಅಲ್ಲೇ ನಿಂತರು.

“ಸ್ವಲ್ಪ ಸ್ವಚ್ಛ ಮಾಡ್ತಿದ್ವಿ,” ಎಂದರು ಮೇಷ್ಟ್ರು, ತಾಮ್ರದ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು.

ಹೆಡ್ ಮೇಡಂ ಗೋಡೆಯ ಹತ್ತಿರ ಹೋದರು. ಎಡದಿಂದ ಬಲಕ್ಕೆ ನಡೆದರು, ಮೊಟ್ಟೆಗಳ ಬಳಿ ಸ್ವಲ್ಪ ಹೆಚ್ಚು ಹೊತ್ತು ನಿಂತರು. ಉತ್ತರಪತ್ರಿಕೆ ತಿದ್ದುವವರ ಮುಖದಲ್ಲಿ ಏನೂ ಕಾಣುವುದಿಲ್ಲ. “ಇದನ್ನ ಯಾವಾಗ ಮಾಡಿದ್ದು?” ಎಂದರು.

‘ನಾನೇ ಮಾಡಿದೀನಿ’ ಎಂಬ, ಹನ್ನೊಂದು ತಿಂಗಳು ತಿದ್ದಿ ತೀಡಿದ ವಾಕ್ಯ ಮೇಷ್ಟ್ರ ನಾಲಿಗೆಯ ತುದಿಯಲ್ಲಿ, ಇಸ್ತ್ರಿ ಮಾಡಿಕೊಂಡು, ತಲೆ ಬಾಚಿಕೊಂಡು ಸಿದ್ಧವಾಗಿ ನಿಂತಿತ್ತು. ಅದನ್ನು ಸಾವಿರ ಸಲ ಹೇಳಿದ್ದಾಗಿದೆ, ಇನ್ನೊಂದು ಸಲ ಏನು? ಯಜಮಾನರು ಹುರಿದುಂಬಿಸುವವರಂತೆ ತಲೆಯಾಡಿಸುತ್ತಿದ್ದರು. ಹೆಂಡತಿ ಮೂಗಿನ ಮೇಲೊಂದು ತಾಮ್ರದ ಚುಕ್ಕೆ ಇಟ್ಟುಕೊಂಡು ಸುಮ್ಮನೆ ನೋಡುತ್ತಿದ್ದಳು, ಮೊನ್ನೆಯಿಂದ ಮೊದಲ ಸಲ ನಗದೆ. ಒಂದೂವರೆ ಗಂಟೆ ಹೊತ್ತು ಅವಳ ತೋಳು ಮೇಲಿದ್ದದ್ದು, ಫ್ಯಾನಿಗೆ ಓಡಿದ್ದು, ‘ಅಂಚು ರೀ’ ಎಂದದ್ದು, ಈ ಒಂದು ವಾಕ್ಯ ಹೇಳಿದ ತಕ್ಷಣ ಅವೆಲ್ಲ ನಡೆಯಲೇ ಇಲ್ಲದ್ದಾಗುತ್ತವೆ. ಇಲ್ಲದ ಗೋಡೆಯನ್ನು ಇದೆ ಎಂದದ್ದಾಯಿತು. ಈಗ ಇರುವ ಗೋಡೆಯನ್ನು ಇಲ್ಲ ಎನ್ನಬೇಕು. ಅಷ್ಟರಲ್ಲಿ ಹೆಡ್ ಮೇಡಂ ಒಂದು ಮುಚ್ಚಳದ ಅಂಚನ್ನು ಮುಟ್ಟಿ, ಬೆರಳನ್ನು ಕನ್ನಡಕದ ಹತ್ತಿರ ತಂದುಕೊಂಡಿದ್ದರು. ಬೆರಳ ತುದಿ ತಾಮ್ರವಾಗಿತ್ತು. ಅವರು ಅದನ್ನು ಯಾರಿಗೂ ತೋರಿಸಲಿಲ್ಲ. ಉತ್ತರಕ್ಕಾಗಿ ಕಾದರು ಅಷ್ಟೆ.

“ಎರಡು ಗಂಟೆ ನಲವತ್ತು ನಿಮಿಷಕ್ಕೆ ಮುಗೀತು,” ಎಂದರು ಮೇಷ್ಟ್ರು.

“ಇವತ್ತು?”

“ಇವತ್ತು. ನನ್ನ ಜೀವಮಾನದಲ್ಲಿ ಮೊದಲನೇ ಗೋಡೆ ಮೇಡಂ. ಅದೂ ಅರ್ಧ ನಂದು. ಆ ಕಡೆಯ ಚೆನ್ನಾಗಿರೋದೆಲ್ಲ ಇವಳದು. ಅಂಗಡೀಲಿ ಹೇಳ್ತಿದ್ದ ಗೋಡೆ…” ಎಂದು ಯಜಮಾನರ ಕಡೆ ತಿರುಗಿದರು, “ಅದು ಇರಲೇ ಇಲ್ಲ ಸಾರ್.”

ಯಜಮಾನರ ಮುಖದಲ್ಲಿ ಎರಡು ಸಾವಿರ ಶೇಡ್‌ಗಳೂ ಒಂದಾದ ಮೇಲೊಂದು ಹಾದುಹೋದವು. “ಇರಲಿಲ್ವಾ?” ಎಂದು ಅವರ ಧ್ವನಿ ಛಾವಣಿ ಮುಟ್ಟಿತು. “ಏನ್ರೀ ಮೇಷ್ಟ್ರೇ ಹೀಗಂತೀರಿ! ನಾನು ಎಲ್ಲರಿಗೂ ಹೇಳಿದ್ದೀನಲ್ರೀ, ನಾನೇ ಕಣ್ಣಾರೆ ನೋಡಿದ್ದೀನಿ, ಅದರ ಮುಂದೆ ಕೂತು ಎರಡು ಹೊತ್ತು ಊಟ ಮಾಡಿದ್ದೀನಿ ಅಂತ!”

ಹೆಂಡತಿಯ ಭುಜಗಳು ಮತ್ತೆ ಅಲ್ಲಾಡತೊಡಗಿದವು. “ಊಟ ಹೇಗಿತ್ತಪ್ಪಾ?” ಎಂದು ಅಮ್ಮ ವಿಚಾರಿಸಿದರು.

“ಒಬ್ಬರು ಹೋಂವರ್ಕ್ ಮಾಡಿಲ್ಲ, ಇನ್ನೊಬ್ಬರು ಅದನ್ನ ನೋಡಿ ಕಾಪಿ ಹೊಡೆದಿದ್ದೀರಿ,” ಎಂದರು ಹೆಡ್ ಮೇಡಂ. ಅವರ ತುಟಿಯ ಒಂದು ಮೂಲೆ ಮಾತ್ರ ನಗುತ್ತಿತ್ತು. ಉಳಿದ ಮುಖಕ್ಕೆ ಅಪ್ಪಣೆ ಸಿಕ್ಕಿರಲಿಲ್ಲ. ಅವರು ಸೋಫಾದ ಮೇಲೆ ಅಮ್ಮನ ಪಕ್ಕ ಜಾಗ ಮಾಡಿಕೊಂಡು ಕೂತು ನೋಟುಬುಕ್ಕು ತೆರೆದರು. “ಕೇಳಿ. ಈ ರಜೆಯಲ್ಲಿ ಶಾಲೆಯ ಉದ್ದನೆ ಗೋಡೆಗೆ ನಮ್ಮ ಟೀಚರುಗಳೇ ಬಣ್ಣ ಬಳೀಬೇಕು ಅಂತ ನನ್ನ ಆಸೆ. ಹದಿನಾಲ್ಕು ಜನ, ಒಬ್ಬರೂ ಬ್ರಶ್ ಹಿಡಿದವರಲ್ಲ. ಎಲ್ಲರೂ ಹೆದರಿಕೊಂಡು ಕೂತಿದ್ದಾರೆ. ನಿಮ್ಮಂಗಡೀಲಿ ಯಾರೋ ತಾವೇ ಮಾಡಿಕೊಂಡಿದ್ದಾರೆ ಅಂದ್ರು, ಅದಕ್ಕೇ ಬಂದೆ. ನಿಜ ಹೇಳ್ತೀನಿ, ನೀವು ಹೇಳ್ತಿದ್ದ ಗೋಡೆ ಇಲ್ಲಿ ಇದ್ದಿದ್ರೆ ನಮಸ್ಕಾರ ಹೇಳಿ ಹೋಗಿಬಿಡ್ತಿದ್ದೆ, ಇದು ನಮ್ಮವರ ಕೈಲಿ ಆಗೋದಲ್ಲ ಅಂತ.” ಪೆನ್ನಿನ ಕ್ಯಾಪು ತೆಗೆದರು. “ಈಗ ಹೇಳಿ. ಏನೇನು ತಪ್ಪಾಯ್ತು?”

ಹದಿನೆಂಟು ವರ್ಷದಲ್ಲಿ ಮೇಷ್ಟ್ರ ಒಂದು ಮಾತನ್ನೂ ಯಾರೂ ಬರೆದುಕೊಂಡಿರಲಿಲ್ಲ. ಅವರು ಬೆನ್ನ ಹಿಂದಿನ ಕೈಗಳನ್ನು ಮುಂದೆ ತಂದರು. ಮೊದಮೊದಲು ತಡವರಿಸಿದರು, ಫ್ಯಾನು ಎಂದರು, ಗೆರೆ ಎಂದರು, ಗೋಡೆಯ ಹತ್ತಿರ ನಿಂತರೆ ಗೋಡೆ ಕಾಣುವುದಿಲ್ಲ, ಹತ್ತು ಒತ್ತಿಗೊಮ್ಮೆ ಹಿಂದೆ ಹೋಗಿ ನೋಡಬೇಕು ಎಂದರು, ಆಮೇಲೆ, “ಮೇಡಂ, ನಿಮ್ಮ ಟೀಚರುಗಳ ಪೈಕಿ ಯಾರ ಮನೇಲಾದ್ರೂ ಚಿಕ್ಕ ಮಗು ಇದ್ರೆ ಅವರಿಗೆ ಅಂಚಿನ ಕೆಲಸ ಕೊಡಬೇಡಿ, ನಿಲ್ಲಿಸಬೇಕಾದಾಗ ನಿಲ್ಲಿಸೋಕೆ ಬಿಡಿ,” ಎಂದರು. ಪೆನ್ನು ಓಡುತ್ತಿತ್ತು. ಆ ಪೆನ್ನಿನ ಸದ್ದು ಕಿವಿಗೆ ಬಿದ್ದದ್ದೇ ತಡ, ಮೇಷ್ಟ್ರ ಬೆನ್ನು ನೆಟ್ಟಗಾಯಿತು, ಎದೆ ಉಬ್ಬಿತು, ಧ್ವನಿ ಕೌಂಟರಿನ ಧ್ವನಿಯಾಯಿತು.

“ತಪ್ಪಾ ಮೇಡಂ? ನನ್ನಂಥ ತಪ್ಪು ಮಾಡೋನು ಈ ಊರಲ್ಲೇ ಇನ್ನೊಬ್ಬ ಹುಟ್ಟಿಲ್ಲ! ಬಣ್ಣದ ಡಬ್ಬ ಮೂರು ಸಲ ಮಗುಚಿದೆ—”

“ಒಂದು ಸಲ,” ಎಂದಳು ಹೆಂಡತಿ. “ಅದೂ ಮುಕ್ಕಾಲು ಖಾಲಿಯಾಗಿತ್ತು.”

“ಸ್ಟೂಲಿನ ಮೇಲಿಂದ ಎಷ್ಟು ಸಲ ಬಿದ್ದೆ ಅಂತೀರಿ! ನಾಲ್ಕು ಸಲ! ಒಂದು ಸಲವಂತೂ ಸೊಂಟ—”

“ಎಲ್ಲೋ ಬಿದ್ದೆ ನೀನು?” ಎಂದರು ಅಮ್ಮ, ಪೇಪರು ಬೀಸುವುದನ್ನು ನಿಲ್ಲಿಸಿ. “ನಾನು ಇಲ್ಲೇ ಕೂತಿದ್ದೀನಿ. ಬ್ರಶ್ ಹಿಡಿದು ಹತ್ತಿದಾಗ ಕಾಲು ನಡುಗಿ ಸ್ಟೂಲಿನ ಮೇಲೇ ಕುಕ್ಕರಿಸಿದೆ ಅಷ್ಟೆ. ಅವಳು ಬಂದು ಎಬ್ಬಿಸಿದಳು.”

ಹೆಡ್ ಮೇಡಂ ಪೆನ್ನು ತಡೆದು ಕನ್ನಡಕದ ಮೇಲಿಂದ ನೋಡಿದರು. “ಎಷ್ಟು ಸಲ ಅಂತ ಬರ್ಕೊಳ್ಳಲಿ ಮೇಷ್ಟ್ರೇ?”

ಮೇಷ್ಟ್ರು ಅಮ್ಮನನ್ನು ನೋಡಿದರು, ಹೆಂಡತಿಯನ್ನು ನೋಡಿದರು. ನಾಲ್ಕು ಇನ್ನೂ ಬಾಯೊಳಗೆ, ಬಿಡಲಾರದಷ್ಟು ರುಚಿಯಾಗಿತ್ತು. ಅದನ್ನು ನುಂಗಲು ಅವರು ಪಟ್ಟ ಪಾಡಿಗೆ ಗಂಟಲಗಂಟು ಎರಡು ಸಲ ಏರಿಳಿಯಿತು.

“ಅರ್ಧ,” ಎಂದರು. “ಅರ್ಧ ಸಲ ಅಂತ ಬರ್ಕೊಳ್ಳಿ ಮೇಡಂ.”